ಮೀನಿನ ತೊಟ್ಟಿಯ ನೀರು ಎಷ್ಟು ಬೆಚ್ಚಗಿರಬೇಕು?

ಪ್ರಶ್ನೆ: ನಮ್ಮ ಮನೆಯಲ್ಲಿ 80 ಲೀಟರಿನ ಅಕ್ವೇರಿಯಂ ಇದೆ. ಅದರಲ್ಲಿ ಎರಡು ಗೋಲ್ಡ್‌ಫಿಶ್, ಎಂಟು ನಿಯಾನ್ ಟೆಟ್ರಾ ಮತ್ತು ಒಂದು ಫೈಟರ್ ಮೀನು ಇವೆ. ಹೀಟರನ್ನು 28 ಡಿಗ್ರಿಗೆ ಇಟ್ಟರೆ ಗೋಲ್ಡ್‌ಫಿಶ್‌ಗಳು ಮೇಲಕ್ಕೆ ಬಂದು ಬಾಯಿ ಆಡಿಸುತ್ತಿರುತ್ತವೆ. 22ಕ್ಕೆ ಇಳಿಸಿದರೆ ಫೈಟರ್ ತಳದಲ್ಲಿ ಮಂಕಾಗಿ ಕೂತುಬಿಡುತ್ತದೆ. ಬೇಸಿಗೆಯಲ್ಲಿ ಹೀಟರ್ ಇಲ್ಲದೆಯೇ ನೀರು 31 ಡಿಗ್ರಿ ಮುಟ್ಟುತ್ತದೆ. ಎಲ್ಲ ಮೀನುಗಳಿಗೂ ಒಪ್ಪುವ ತಾಪಮಾನ ಯಾವುದು? ಬೇಸಿಗೆಯಲ್ಲಿ ಐಸ್ ಹಾಕಬಹುದೇ?

ಉತ್ತರ: ಮುಖ್ಯ ಪ್ರಶ್ನೆಗೆ ಮೊದಲೇ ನೇರವಾಗಿ ಉತ್ತರಿಸುತ್ತೇನೆ. ನಿಮ್ಮಲ್ಲಿರುವ ಮೂರು ಜಾತಿಗಳಿಗೂ ಚೆನ್ನಾಗಿ ಒಪ್ಪುವ ಒಂದೇ ತಾಪಮಾನ ಇಲ್ಲ. ಗೋಲ್ಡ್‌ಫಿಶ್ 18ರಿಂದ 22 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ನೆಮ್ಮದಿಯಾಗಿರುತ್ತದೆ, ಫೈಟರ್‌ಗೆ 25ರಿಂದ 28 ಬೇಕು, ನಿಯಾನ್ ಟೆಟ್ರಾ ಇವೆರಡರ ನಡುವೆ, ಅಂದರೆ 22ರಿಂದ 26ರೊಳಗೆ, ಸುಖವಾಗಿರುತ್ತದೆ. ಹಾಗಾದರೆ ನಡುವಿನ 24ಕ್ಕೆ ಇಟ್ಟರೆ ಆಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಹಾಗೆ ಇಟ್ಟರೆ ಯಾವ ಮೀನೂ ಕೂಡಲೇ ಸಾಯುವುದಿಲ್ಲ, ನಿಜ. ಆದರೆ ಗೋಲ್ಡ್‌ಫಿಶ್ ತನ್ನ ಹಿತದ ಮಿತಿಗಿಂತ ಬಿಸಿಯಾದ ನೀರಿನಲ್ಲಿಯೂ, ಫೈಟರ್ ತನ್ನ ಹಿತದ ಮಿತಿಗಿಂತ ತಣ್ಣನೆಯ ನೀರಿನಲ್ಲಿಯೂ ವರ್ಷಗಟ್ಟಲೆ ಕಾಲ ತಳ್ಳಬೇಕಾಗುತ್ತದೆ. ತಾಪಮಾನ ನಿಜವಾಗಿ ನಿರ್ಧಾರವಾಗುವುದು ಯಾವ ಮೀನನ್ನು ಯಾವುದರ ಜೊತೆ ಬಿಡುತ್ತೇವೆ ಎಂಬಲ್ಲಿ. ಹೀಟರಿನ ಗುಂಡಿಗೆ ಆ ನಿರ್ಧಾರವನ್ನು ಕಾಯುವ ಕೆಲಸವಷ್ಟೇ ಇದೆ. ಆದ್ದರಿಂದ ಗೋಲ್ಡ್‌ಫಿಶ್‌ಗಳಿಗೆ ಬೇರೆ ತೊಟ್ಟಿ ಮಾಡಿ, ಈ ತೊಟ್ಟಿಯನ್ನು ಫೈಟರ್ ಮತ್ತು ಟೆಟ್ರಾಗಳಿಗಾಗಿ 25 ಡಿಗ್ರಿಯಲ್ಲಿ ಇಡಿ ಎಂಬುದು ನನ್ನ ಸಲಹೆ. ಬೆಳೆದ ಗೋಲ್ಡ್‌ಫಿಶ್ ತನ್ನ ಬಾಯಿಗೆ ಹಿಡಿಸುವ ಸಣ್ಣ ಮೀನನ್ನು ನುಂಗುತ್ತದೆ, ಎರಡು ಗೋಲ್ಡ್‌ಫಿಶ್‌ಗಳಿಗೆ 80 ಲೀಟರ್ ಮುಂದೆ ಸಾಲುವುದೂ ಇಲ್ಲ. ಹೀಗಾಗಿ ತಾಪಮಾನದ ತೊಡಕು ಇಲ್ಲದಿದ್ದರೂ ಅವುಗಳನ್ನು ಬೇರ್ಪಡಿಸಲು ನಾನು ಹೇಳುತ್ತಿದ್ದೆ.

ಈ ಸಲಹೆಯ ಹಿಂದಿರುವ ಕಾರಣವನ್ನು ತಿಳಿದುಕೊಂಡರೆ ಮುಂದೆ ಯಾವ ಮೀನು ತಂದರೂ ನೀವೇ ಲೆಕ್ಕ ಹಾಕಬಹುದು. ಮೀನು ತನ್ನ ಮೈಯ ಶಾಖವನ್ನು ತಾನೇ ಕಾಯ್ದುಕೊಳ್ಳುವ ಪ್ರಾಣಿಯಲ್ಲ; ಸುತ್ತಲಿನ ನೀರು ಎಷ್ಟು ಬೆಚ್ಚಗಿರುತ್ತದೆಯೋ ಅದರ ಮೈಯೂ ಹೆಚ್ಚುಕಡಿಮೆ ಅಷ್ಟೇ ಬೆಚ್ಚಗಿರುತ್ತದೆ. ಅದು ತಿಂದದ್ದು ಅರಗುವುದು, ಸ್ನಾಯು ಆಡುವುದು, ರೋಗದ ವಿರುದ್ಧ ಮೈ ಹೋರಾಡುವುದು, ಮೊಟ್ಟೆ ಬಲಿಯುವುದು ಎಲ್ಲವೂ ರಾಸಾಯನಿಕ ಕ್ರಿಯೆಗಳಾದ್ದರಿಂದ ನೀರಿನ ಶಾಖವೇ ಅವುಗಳ ವೇಗವನ್ನು ತೀರ್ಮಾನಿಸುತ್ತದೆ. ಸ್ಥೂಲವಾಗಿ ಹೇಳುವುದಾದರೆ, ತಾಪಮಾನ 10 ಡಿಗ್ರಿ ಏರಿದರೆ ಮೀನಿನ ಮೈಯೊಳಗಿನ ಕೆಲಸದ ವೇಗ ಎರಡು ಪಟ್ಟಿನಷ್ಟಾಗುತ್ತದೆ, ಅದಕ್ಕೆ ಬೇಕಾದ ಆಮ್ಲಜನಕವೂ ಅಷ್ಟೇ ಹೆಚ್ಚುತ್ತದೆ. ನೀರಿನ ಸ್ವಭಾವವಾದರೋ ಇದಕ್ಕೆ ತದ್ವಿರುದ್ಧ. ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆಯಾಗುತ್ತದೆ: ಗಾಳಿಯೊಂದಿಗೆ ಚೆನ್ನಾಗಿ ಬೆರೆತ ಸಿಹಿನೀರಿನಲ್ಲಿ 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 25 ಡಿಗ್ರಿಯಲ್ಲಿ 8.3, 30 ಡಿಗ್ರಿಯಲ್ಲಿ 7.6 ಮಾತ್ರ. ಬೇಡಿಕೆ ಏರುತ್ತಿರುವಾಗಲೇ ಪೂರೈಕೆ ಇಳಿಯುವ ಈ ಇಕ್ಕಟ್ಟೇ ಬಿಸಿನೀರಿನ ದೊಡ್ಡ ಅಪಾಯ. ಮೀನುಗಳು ಕಿಕ್ಕಿರಿದಿರುವ, ಮೇಲ್ಮೈ ಅಲುಗಾಡದ ತೊಟ್ಟಿಯಲ್ಲಿ ಆಮ್ಲಜನಕ ಈ ಅಂಕಿಗಳಿಗಿಂತಲೂ ಕೆಳಗಿರುತ್ತದೆ.

28 ಡಿಗ್ರಿಯಲ್ಲಿ ನಿಮ್ಮ ಗೋಲ್ಡ್‌ಫಿಶ್ ಮಾಡುತ್ತಿರುವುದನ್ನು ಹತ್ತಿರದಿಂದ ನೋಡಿ. ಮೈ ಓರೆಯಾಗಿ, ಬಾಯಿ ನೀರಿನ ಮೇಲ್ಮೈಗೆ ತಾಗಿಕೊಂಡು, ಕಿವಿರಿನ ಮುಚ್ಚಳಗಳು ಅಗಲವಾಗಿ ತೆರೆದು ಬೇಗಬೇಗನೆ ಬಡಿಯುತ್ತಿದ್ದರೆ, ಗಾಳಿಯ ಜೊತೆ ಸದಾ ಬೆರೆಯುವ ಮೇಲ್ಪದರದ ನೀರನ್ನು ಅದು ಹುಡುಕಿಕೊಂಡು ಬಂದಿದೆ ಎಂದರ್ಥ. ಫೈಟರ್ ಕೂಡ ಮೇಲಕ್ಕೆ ಬರುತ್ತದೆ, ಆದರೆ ಒಂದು ಗುಟುಕು ಗಾಳಿ ಎಳೆದುಕೊಂಡು ಕೂಡಲೇ ಕೆಳಗಿಳಿಯುತ್ತದೆ. ಅದರ ತಲೆಯೊಳಗೆ ಗಾಳಿಯಿಂದಲೇ ಆಮ್ಲಜನಕ ಹೀರುವ ವಿಶೇಷ ಅಂಗವೊಂದಿದೆ, ಆದ್ದರಿಂದ ಬೆಚ್ಚನೆಯ, ಆಮ್ಲಜನಕ ಕಡಿಮೆಯಿರುವ ನೀರು ಅದನ್ನು ಅಷ್ಟಾಗಿ ಕಾಡುವುದಿಲ್ಲ. ತಣ್ಣಗಿನ ನೀರು ಮಾತ್ರ ಅದನ್ನು ಕುಗ್ಗಿಸುತ್ತದೆ: ಜೀರ್ಣಶಕ್ತಿ ನಿಧಾನವಾಗುತ್ತದೆ, ರೆಕ್ಕೆಗಳು ಮೈಗೆ ಅಂಟಿಕೊಳ್ಳುತ್ತವೆ, ರೋಗನಿರೋಧಕ ಶಕ್ತಿ ತಗ್ಗುತ್ತದೆ. 22 ಡಿಗ್ರಿಯಲ್ಲಿ ನೀವು ಕಂಡ ಮಂಕುತನ ಇದೇ. ಫೈಟರ್ ಇರುವ ತೊಟ್ಟಿಗೆ ಮುಚ್ಚಳವೂ ಇರಲಿ. ಅದು ನುಂಗುವ ಗಾಳಿ ನೀರಿಗಿಂತ ತೀರಾ ತಣ್ಣಗಿರಬಾರದು.

ಗೋಲ್ಡ್‌ಫಿಶ್‌ನ ಏದುಸಿರಿಗೆ ಶಾಖವೊಂದೇ ಕಾರಣ ಎಂದು ತೀರ್ಮಾನಿಸುವ ಮೊದಲು ನೀರಿನ ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷೆ ಮಾಡಿ. ಮೀನಿನ ಕೊಳೆ, ಮಿಕ್ಕ ಆಹಾರಗಳಿಂದ ನೀರಿನಲ್ಲಿ ಸೇರುವ ಇವೆರಡೂ ಮೀನಿನ ಉಸಿರಾಟವನ್ನು ಕೆಡಿಸುತ್ತವೆ, ಅಮೋನಿಯಾಕ್ಕಂತೂ ತಾಪಮಾನದೊಂದಿಗೆ ನೇರ ಸಂಬಂಧವಿದೆ. ನೀರಿನಲ್ಲಿ ಅಮೋನಿಯಾ ಎರಡು ರೂಪಗಳಲ್ಲಿರುತ್ತದೆ, ಅವುಗಳಲ್ಲಿ ಒಂದು ಮಾತ್ರ ತೀವ್ರ ವಿಷ. ನೀರಿನ ಪಿಎಚ್ (ಆಮ್ಲ–ಕ್ಷಾರ ಗುಣದ ಅಳತೆ) 8 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಈ ವಿಷರೂಪದ ಪಾಲು 20 ಡಿಗ್ರಿಯಲ್ಲಿ ಶೇಕಡಾ 4ಕ್ಕಿಂತ ಸ್ವಲ್ಪ ಕಡಿಮೆ ಇದ್ದರೆ, 30 ಡಿಗ್ರಿಯಲ್ಲಿ ಶೇಕಡಾ 7.5ರ ಹತ್ತಿರಕ್ಕೆ ಏರುತ್ತದೆ. ಚಳಿಗಾಲದಲ್ಲಿ ತೊಂದರೆ ಕೊಡದಿದ್ದ ಅದೇ ಕೊಳೆ, ಅದೇ ಮಿಕ್ಕ ಆಹಾರ ಬೇಸಿಗೆಯಲ್ಲಿ ಮೀನನ್ನು ಕೊಲ್ಲಲು ಇದೂ ಒಂದು ಕಾರಣ.

ಇನ್ನು ಜಾತಿಗಳ ಮಾತು. ಅಂಗಡಿಯ ಚೀಟಿಯಲ್ಲೋ ಪುಸ್ತಕದಲ್ಲೋ ಕಾಣುವ ‘22–28’ ಎಂಬಂಥ ಅಂಕಿಯನ್ನು ಬಹಳ ಮಂದಿ ಗುರಿ ಎಂದು ತಿಳಿಯುತ್ತಾರೆ. ಅದು ಆ ಮೀನು ತಾಳಿಕೊಳ್ಳುವ ಎಲ್ಲೆಗಳನ್ನು ತಿಳಿಸುವ ಅಂಕಿ. ಅದರ ನಡುವಿನಲ್ಲಿ, ಸಾಧ್ಯವಾದರೆ ನಡುವಿಗಿಂತ ತುಸು ಕೆಳಗೆ ಇಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಗಪ್ಪಿಗಳನ್ನು 28 ಡಿಗ್ರಿಯಲ್ಲಿ ಸಾಕಿದರೆ ಮರಿಗಳು ಬೇಗ ಬೆಳೆಯುತ್ತವೆ, ಹೆಣ್ಣುಗಳು ಬೇಗಬೇಗ ಮರಿ ಹಾಕುತ್ತವೆ, ಆದರೆ ಬದುಕೂ ಅಷ್ಟೇ ಬೇಗ ಮುಗಿಯುತ್ತದೆ. 24ರಲ್ಲಿ ಅವು ನಿಧಾನವಾಗಿ ಬೆಳೆದು ಹೆಚ್ಚು ಕಾಲ ಬಾಳುತ್ತವೆ. ಮರಿ ಮಾಡಿಸಬೇಕೆಂಬ ಉದ್ದೇಶ ಇಲ್ಲದವರು ವೇಗಕ್ಕೆ ಆಸೆಪಡಬೇಕಾಗಿಲ್ಲ.

ನೋಡಲು ಒಂದೇ ಥರ ಇರುವ ಮೀನುಗಳು ಶಾಖದ ವಿಷಯದಲ್ಲಿ ಬೇರೆಬೇರೆಯಾಗಿರುವುದುಂಟು, ಜನ ಹೆಚ್ಚಾಗಿ ಎಡವುವುದು ಇಲ್ಲಿಯೇ. ನಿಯಾನ್ ಟೆಟ್ರಾ ಮತ್ತು ಕಾರ್ಡಿನಲ್ ಟೆಟ್ರಾ ಎರಡಕ್ಕೂ ಹೊಳೆಯುವ ನೀಲಿ ಪಟ್ಟಿ, ಕೆಂಪು ಬಣ್ಣ ಇವೆ. ನಿಯಾನ್ ಬರುವುದು ಅಮೆಜಾನ್ ಜಲಾನಯನದ ಮೇಲ್ಭಾಗದ ತುಸು ತಂಪಾದ ತೊರೆಗಳಿಂದ. ಕಾರ್ಡಿನಲ್ ಹೆಚ್ಚಾಗಿರುವುದು ರಿಯೊ ನೀಗ್ರೊ ನದಿಯ ಬೆಚ್ಚನೆಯ ಕಪ್ಪುನೀರಿನಲ್ಲಿ. ಆದ್ದರಿಂದ 28ರಿಂದ 30 ಡಿಗ್ರಿ ಬೇಡುವ ಡಿಸ್ಕಸ್ ಮೀನಿನ ಜೊತೆ ಕಾರ್ಡಿನಲ್ ಬಾಳುತ್ತದೆ, ನಿಯಾನ್ ಬಾಳುವುದಿಲ್ಲ. ತಳದಲ್ಲಿ ಮೇಯುವ ಕೋರಿಡೋರಾಸ್ ಮೀನುಗಳಲ್ಲಿಯೂ ಹೀಗೆಯೇ: ಪೆಪ್ಪರ್ಡ್ ಕೋರಿ 18ರಿಂದ 23 ಡಿಗ್ರಿಯ ತಂಪು ನೀರಿನ ಮೀನು, ಸ್ಟೆರ್ಬಾಯ್ ಕೋರಿ 28ರ ವರೆಗೂ ಆರಾಮಾಗಿರುತ್ತದೆ. ಚೀನಾದ ಬೆಟ್ಟದ ತೊರೆಗಳಿಂದ ಬಂದ ವೈಟ್ ಕ್ಲೌಡ್ ಮೀನು 16ರಿಂದ 22ರಲ್ಲಿ ಚುರುಕಾಗಿರುತ್ತದೆ. ಬೆಚ್ಚನೆಯ ತೊಟ್ಟಿಯಲ್ಲಿ ಅದನ್ನು ಸಾಕುವುದು ಅದರ ಆಯುಷ್ಯವನ್ನು ಕಿತ್ತುಕೊಂಡಂತೆ. ಏಂಜೆಲ್ ಮೀನಿಗೆ 25ರಿಂದ 27, ರ‍್ಯಾಮ್ ಸಿಕ್ಲಿಡ್‌ಗೆ 27ರಿಂದ 29, ಚೆರ್ರಿ ಸೀಗಡಿಗೆ 20ರಿಂದ 25 ಸಾಕು. ಜೀಬ್ರಾ ಡೇನಿಯೊ ಮಾತ್ರ ಬಹಳ ಹೊಂದಿಕೊಳ್ಳುವ ಮೀನು. ಪ್ರಯೋಗಾಲಯಗಳಲ್ಲಿ ಅದನ್ನು ಸಾಮಾನ್ಯವಾಗಿ 28.5 ಡಿಗ್ರಿಯಲ್ಲಿ ಸಾಕುತ್ತಾರೆ. ಮನೆಯಲ್ಲಿ ಹೀಟರ್ ಇಲ್ಲದ 20–24 ಡಿಗ್ರಿಯ ನೀರಿನಲ್ಲಿಯೂ ಅದು ಲವಲವಿಕೆಯಿಂದ ಓಡಾಡುತ್ತದೆ.

ಗಿಡಗಳಿದ್ದರೆ ಅವುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹೆಚ್ಚಿನ ಜಲಸಸ್ಯಗಳಿಗೆ 22ರಿಂದ 26 ಹಿತ. 28 ದಾಟಿದರೆ ಪಾಚಿಜಾತಿಯ ಮಾಸ್‌ಗಳು ಮೊದಲು ಸೊರಗುತ್ತವೆ, ಅನೂಬಿಯಾಸ್ ಎಂಬ ಗಿಡ ತಡೆದುಕೊಳ್ಳುತ್ತದೆ.

ಹೊಸದಾಗಿ ತೊಟ್ಟಿ ಇಡುವವರಿಗೆ ನಾನು ಹೇಳುವ ಕ್ರಮ ಬೇರೆ. ಮೊದಲು ಬರಿಯ ನೀರು ತುಂಬಿಸಿ, ಫಿಲ್ಟರ್ ಓಡಿಸಿ, ಒಂದೆರಡು ವಾರ ಬೆಳಿಗ್ಗೆ ಮತ್ತು ಸಂಜೆ ತಾಪಮಾನ ಬರೆದಿಟ್ಟುಕೊಳ್ಳಿ. ನಿಮ್ಮ ಕೋಣೆ ತಾನಾಗಿಯೇ ಕೊಡುವ ತಾಪಮಾನ ಎಷ್ಟೆಂದು ಆಗ ತಿಳಿಯುತ್ತದೆ. ಅದಕ್ಕೆ ಹತ್ತಿರದ ಮೀನನ್ನು ಆರಿಸಿಕೊಂಡರೆ ಹೀಟರ್ ಕೆಟ್ಟ ದಿನವೂ, ವಿದ್ಯುತ್ ಹೋದ ರಾತ್ರಿಯೂ ನೀರು ಅದರ ಮಿತಿಯೊಳಗೇ ಉಳಿಯುತ್ತದೆ. ಸದಾ 20 ಡಿಗ್ರಿ ಇರುವ ಕೋಣೆಯಲ್ಲಿ ಡಿಸ್ಕಸ್ ಸಾಕಲು ಹೊರಟರೆ, ಯಂತ್ರವೊಂದು ಎಡೆಬಿಡದೆ ಕೆಲಸ ಮಾಡುತ್ತಿದೆ ಎಂಬ ನಂಬಿಕೆಯ ಮೇಲೆ ಆ ಜೀವಗಳನ್ನು ನಿಲ್ಲಿಸಿದಂತಾಗುತ್ತದೆ.

ಏರಿಳಿತದ ಬಗ್ಗೆ ಒಂದು ಮಾತು. ಹಗಲು–ರಾತ್ರಿಯ ನಡುವೆ ನಿಧಾನವಾಗಿ ಆಗುವ ಒಂದೆರಡು ಡಿಗ್ರಿಯ ವ್ಯತ್ಯಾಸಕ್ಕೆ ಗಾಬರಿ ಬೇಡ. ಹೊಳೆ–ಕೆರೆಗಳಲ್ಲಿಯೂ ಅದು ಇದ್ದೇ ಇದೆ. ಕೆಡುಕು ಮಾಡುವುದು ಹಠಾತ್ ಬದಲಾವಣೆ. ಅದು ಹೆಚ್ಚಾಗಿ ಆಗುವುದು ನೀರು ಬದಲಿಸುವ ದಿನ: ತೊಟ್ಟಿಯ ಮೂರನೆಯ ಒಂದು ಭಾಗ ತೆಗೆದು, ಅದರ ಜಾಗಕ್ಕೆ 9 ಡಿಗ್ರಿ ತಣ್ಣಗಿರುವ ನಲ್ಲಿಯ ನೀರು ಸುರಿದರೆ ಇಡೀ ತೊಟ್ಟಿ ಕೆಲವೇ ನಿಮಿಷಗಳಲ್ಲಿ 3 ಡಿಗ್ರಿ ಇಳಿಯುತ್ತದೆ. ಅಂಥ ಆಘಾತದ ನಂತರದ ದಿನಗಳಲ್ಲಿ ಬಿಳಿ ಚುಕ್ಕೆ ರೋಗ ಕಾಣಿಸಿಕೊಳ್ಳುವುದು ಅಪರೂಪವಲ್ಲ. ಹೊಸ ನೀರು ತೊಟ್ಟಿಯ ನೀರಿಗಿಂತ ಒಂದು ಡಿಗ್ರಿಗಿಂತ ಹೆಚ್ಚು ಆಚೀಚೆ ಇರದಂತೆ ನೋಡಿಕೊಳ್ಳಿ, ಅದನ್ನು ಕೈ ಅದ್ದಿ ಅಂದಾಜು ಮಾಡದೆ ಥರ್ಮಾಮೀಟರಿನಿಂದಲೇ ಅಳೆಯಿರಿ. ಸುಮಾರು 33 ಡಿಗ್ರಿಯ ಆಸುಪಾಸಿನ ನಮ್ಮ ಅಂಗೈಗೆ 24 ಮತ್ತು 27 ಡಿಗ್ರಿಯ ನೀರು ಎರಡೂ ತಂಪೆಂದೇ ತೋರುತ್ತದೆ. ಹೊಸ ಮೀನು ತಂದಾಗ ಚೀಲವನ್ನು 15–20 ನಿಮಿಷ ನೀರಿನ ಮೇಲೆ ತೇಲಿಬಿಡುವುದೂ ಇದೇ ಕಾರಣಕ್ಕೆ.

ಹೀಟರಿನ ಆಯ್ಕೆಯಲ್ಲಿ ಲೀಟರಿಗೆ ಒಂದು ವಾಟ್ ಎಂಬ ಲೆಕ್ಕ ಸಾಮಾನ್ಯವಾಗಿ ಸರಿಹೋಗುತ್ತದೆ. ನಿಮ್ಮ ತೊಟ್ಟಿಗೆ 100 ವಾಟ್ ಸಾಕು, ಕೋಣೆ ಬಹಳ ತಣ್ಣಗಿದ್ದರೆ 150. ಹೆಚ್ಚಿನದಿದ್ದರೆ ಒಳ್ಳೆಯದೇ ಅಲ್ಲವೇ ಎಂದು 300 ವಾಟಿನದನ್ನು ತರಬೇಡಿ. 80 ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 335 ಕಿಲೋಜೂಲ್ ಶಾಖ ಬೇಕು. ಹೊರಗೆ ಸೋರುವ ಶಾಖವನ್ನು ಬಿಟ್ಟು ಲೆಕ್ಕ ಹಾಕಿದರೆ 100 ವಾಟಿನ ಹೀಟರ್ ಅದಕ್ಕೆ 55 ನಿಮಿಷ ತೆಗೆದುಕೊಳ್ಳುತ್ತದೆ, 300 ವಾಟಿನದು 20 ನಿಮಿಷದೊಳಗೇ ಮುಗಿಸುತ್ತದೆ. ಹೀಟರುಗಳು ಕೆಡುವ ಅತ್ಯಂತ ಕೆಟ್ಟ ರೀತಿಯೆಂದರೆ ನೀರಿನ ಶಾಖ ನೋಡಿ ಹೀಟರನ್ನು ಹೊತ್ತಿಸಿ ಆರಿಸುವ ಒಳಗಿನ ಥರ್ಮೋಸ್ಟಾಟಿನ ಸ್ವಿಚ್ಚು ಅಂಟಿಕೊಂಡು, ಆರದೆ ಉರಿಯುತ್ತಲೇ ಇರುವುದು. ಆಗ ಸಣ್ಣ ಹೀಟರ್ ನಿಮಗೆ ಗಮನಿಸಲು ಸಮಯ ಕೊಡುತ್ತದೆ, ದೊಡ್ಡದು ಬೆಳಗಾಗುವುದರೊಳಗೆ ಮೀನುಗಳನ್ನು ಬೇಯಿಸಿಬಿಡುತ್ತದೆ. ದೊಡ್ಡ ತೊಟ್ಟಿಗಳಿಗೆ ಒಂದು ದೊಡ್ಡ ಹೀಟರಿನ ಬದಲು ಎರಡು ಚಿಕ್ಕವನ್ನು ಎರಡು ಬದಿಗೆ ಇಡುವಂತೆ ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಹೀಟರನ್ನು ಫಿಲ್ಟರಿನ ನೀರು ಹರಿಯುವ ಜಾಗದಲ್ಲಿ ಕೂರಿಸಿದರೆ ಶಾಖ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ. ನೀರು ತೆಗೆಯುವ ಮೊದಲು ಅದರ ಪ್ಲಗ್ ಕಿತ್ತು, ಕಾಲು ಗಂಟೆ ಆರಲು ಬಿಡಿ. ಬಿಸಿಯಾದ ಗಾಜು ನೀರಿನಿಂದ ಹೊರಬಿದ್ದರೆ ಬಿರುಕು ಬಿಡಬಹುದು, ಬಿರುಕು ಬಿಟ್ಟ ಹೀಟರಿರುವ ನೀರಿಗೆ ಕೈ ಹಾಕುವುದು ಪ್ರಾಣಾಪಾಯ.

ಹೀಟರಿನ ಗುಂಡಿಯ ಮೇಲಿನ ಅಂಕಿಯನ್ನು ಮಾತ್ರ ನೆಚ್ಚಿಕೊಳ್ಳಬೇಡಿ, ಅದು ಎರಡು ಡಿಗ್ರಿ ಆಚೀಚೆ ಇರುವುದು ಸಾಮಾನ್ಯ. ಗಾಜಿನ ಹೊರಗೆ ಅಂಟಿಸುವ ಪಟ್ಟಿಯ ಥರ್ಮಾಮೀಟರಿಗೆ ಕೋಣೆಯ ಗಾಳಿಯ ಪ್ರಭಾವ ತಗಲುತ್ತದೆ. ನೀರಿನೊಳಗೆ ಮುಳುಗುವ ಗಾಜಿನ ಅಥವಾ ಡಿಜಿಟಲ್ ಥರ್ಮಾಮೀಟರನ್ನು, ಹೀಟರಿಂದ ದೂರದ ಬದಿಯಲ್ಲಿ ಇಡಿ. ಅದು ಸರಿಯಾಗಿದೆಯೇ ಎಂದು ನೋಡುವುದು ಸುಲಭ. ಒಂದು ಲೋಟದ ತುಂಬ ಪುಡಿಮಾಡಿದ ಐಸ್ ಹಾಕಿ, ಸಂದುಗಳು ತುಂಬುವಷ್ಟೇ ನೀರು ಸುರಿದು, ಕಲಕುತ್ತಾ ಥರ್ಮಾಮೀಟರನ್ನು ಕೆಲವು ನಿಮಿಷ ಅದರಲ್ಲಿ ಬಿಡಿ. ಕರಗುತ್ತಿರುವ ಐಸಿನ ತಾಪಮಾನ 0 ಡಿಗ್ರಿ. ನಿಮ್ಮ ಥರ್ಮಾಮೀಟರ್ 1.5 ತೋರಿಸಿದರೆ ಇನ್ನು ಮುಂದೆ ಅದರ ಅಂಕಿಯಿಂದ ಒಂದೂವರೆ ಕಳೆದು ಓದಿಕೊಳ್ಳಿ.

ಬೇಸಿಗೆಯ ನಿಮ್ಮ ಪ್ರಶ್ನೆಗೆ ಬರುತ್ತೇನೆ. ತೊಟ್ಟಿಗೆ ಐಸ್ ಹಾಕಬೇಡಿ. ಒಂದು ಕಿಲೋ ಐಸ್ ನಿಮ್ಮ 80 ಲೀಟರ್ ನೀರನ್ನು ಇಳಿಸುವುದು ಹೆಚ್ಚೆಂದರೆ ಒಂದೂವರೆ ಡಿಗ್ರಿ. ಅದು ಕರಗುವಾಗ ಹತ್ತಿರದ ನೀರು ಥಟ್ಟನೆ ತಣ್ಣಗಾಗುತ್ತದೆ, ಕೆಲವು ಗಂಟೆಗಳಲ್ಲಿ ಎಲ್ಲವೂ ಮತ್ತೆ ಬಿಸಿಯಾಗುತ್ತದೆ, ಮೀನಿಗೆ ಸಿಗುವುದು ತಂಪಲ್ಲ, ಉಯ್ಯಾಲೆ. ಅದಕ್ಕಿಂತ ಆವಿಯಾಗುವಿಕೆಗೆ ಹೆಚ್ಚಿನ ಬಲವಿದೆ. ನೀರಿನ ಮೇಲ್ಮೈಗೆ ಗಾಳಿ ಬೀಸುವಂತೆ ಒಂದು ಸಣ್ಣ ಫ್ಯಾನ್ ಇಟ್ಟರೆ, 300 ಮಿಲಿಲೀಟರ್ ನೀರು ಆವಿಯಾಗುವಷ್ಟರಲ್ಲಿ ಹೊರಹೋಗುವ ಶಾಖ 80 ಲೀಟರ್ ನೀರನ್ನು ಎರಡು ಡಿಗ್ರಿ ತಣಿಸುವಷ್ಟಿರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಇದರ ಫಲ ಕಡಿಮೆ, ಒಣಹವೆಯಲ್ಲಿ ಹೆಚ್ಚು. ಮುಚ್ಚಳ ತೆಗೆದರೆ ಮೀನು ಹೊರಗೆ ಹಾರಬಹುದು, ಆದ್ದರಿಂದ ಸಣ್ಣ ಕಣ್ಣಿನ ಬಲೆಯನ್ನು ಬಿಗಿದು ಕಟ್ಟಿ. ಆವಿಯಾಗುವುದು ನೀರು ಮಾತ್ರ, ಅದರಲ್ಲಿದ್ದ ಲವಣಗಳು ತೊಟ್ಟಿಯಲ್ಲೇ ಉಳಿಯುತ್ತವೆ. ಕಡಿಮೆಯಾದಷ್ಟು ನೀರು ಸೇರಿಸಿದರೆ ಸಾಲದು, ವಾರದ ನೀರು ಬದಲಾವಣೆಯನ್ನೂ ತಪ್ಪಿಸಬಾರದು. ಜೊತೆಗೆ ಏರ್ ಪಂಪನ್ನು ರಾತ್ರಿಯೂ ಓಡಿಸಿ, ಲೈಟಿನ ಹೊತ್ತನ್ನು ಕಡಿಮೆ ಮಾಡಿ, ಬಿಸಿಲು ಬೀಳುವ ಕಿಟಕಿಗೆ ಪರದೆ ಹಾಕಿ. 30 ಡಿಗ್ರಿಯ ದಿನಗಳಲ್ಲಿ ಆಹಾರವನ್ನು ಅರ್ಧಕ್ಕೆ ಇಳಿಸಿ: ಮೀನು ಚುರುಕಾಗಿ ಕೇಳುತ್ತದೆ, ನಿಜ, ಆದರೆ ಅರಗಿಸಲು ಬೇಕಾದ ಆಮ್ಲಜನಕ ಆ ನೀರಿನಲ್ಲಿ ಕಡಿಮೆಯಿದೆ.

ಬಿಳಿ ಚುಕ್ಕೆ ರೋಗಕ್ಕೆ ನೀರನ್ನು ಬಿಸಿ ಮಾಡುವುದೇ ಮದ್ದು ಎಂಬ ಮಾತನ್ನು ನೀವು ಕೇಳಿರಬಹುದು. ಅದರಲ್ಲಿ ಹುರುಳಿದೆ. ಆ ರೋಗ ತರುವ ಪರೋಪಜೀವಿ ತಣ್ಣೀರಿನಲ್ಲಿ ವಾರಗಟ್ಟಲೆ ತೆಗೆದುಕೊಳ್ಳುವ ಜೀವನಚಕ್ರವನ್ನು 25 ಡಿಗ್ರಿಯಲ್ಲಿ ಕೆಲವೇ ದಿನಗಳಲ್ಲಿ ಮುಗಿಸುತ್ತದೆ, ಔಷಧ ತಗಲುವುದು ಅದು ಮೀನನ್ನು ಬಿಟ್ಟು ನೀರಿನಲ್ಲಿ ಈಜುವ ಹಂತದಲ್ಲಿ ಮಾತ್ರ. ಆದ್ದರಿಂದ ತುಸು ಬೆಚ್ಚಗಿಟ್ಟರೆ ಚಿಕಿತ್ಸೆ ಬೇಗ ಮುಗಿಯುತ್ತದೆ. 30 ಡಿಗ್ರಿಯಲ್ಲಿ ಅದು ವೃದ್ಧಿಯಾಗುವುದು ಹೆಚ್ಚಾಗಿ ನಿಂತೇಹೋಗುತ್ತದೆ, ಆದರೆ ಆ ಶಾಖವನ್ನೂ ತಾಳಿಕೊಳ್ಳುವ ತಳಿಗಳಿವೆ. ಚುಕ್ಕೆಗಳಿಂದ ಕಿವಿರು ಹಾಳಾಗಿರುವ ಗೋಲ್ಡ್‌ಫಿಶ್ ಅಥವಾ ನಿಯಾನನ್ನು 30 ಡಿಗ್ರಿಗೆ ಏರಿಸಿದರೆ ರೋಗಕ್ಕಿಂತ ಮೊದಲು ಉಸಿರುಗಟ್ಟಿ ಸಾಯಬಹುದು. ಅವುಗಳಿಗೆ ತಮ್ಮ ಮಿತಿಯೊಳಗಿನ ತಾಪಮಾನದಲ್ಲೇ ಔಷಧ ಕೊಡುವುದು ಕ್ಷೇಮ.

ಈಗ ನೀವು ಮಾಡಬೇಕಾದದ್ದು ಇಷ್ಟು. ಗೋಲ್ಡ್‌ಫಿಶ್‌ಗಳ ಹೊಸ ತೊಟ್ಟಿ 150 ಲೀಟರಿಗೆ ಕಡಿಮೆಯಿಲ್ಲದಿರಲಿ, ಅದರ ಫಿಲ್ಟರಿನಲ್ಲಿ ಈಗಿನ ಫಿಲ್ಟರಿನ ಸ್ವಲ್ಪ ಸ್ಪಂಜನ್ನು ಸೇರಿಸಿ. ಕೊಳೆಯನ್ನು ಅರಗಿಸುವ ಬ್ಯಾಕ್ಟೀರಿಯಾಗಳು ಅದರೊಡನೆ ಹೋಗುತ್ತವೆ. ಆದರೂ ಮೊದಲ ಕೆಲವು ವಾರ ಅಲ್ಲಿಯ ಅಮೋನಿಯಾವನ್ನು ಪರೀಕ್ಷಿಸುತ್ತಿರಿ. ಸ್ಥಳಾಂತರಿಸುವ ದಿನ ಎರಡೂ ತೊಟ್ಟಿಗಳ ನೀರು ಒಂದೇ ತಾಪಮಾನದಲ್ಲಿರಬೇಕು, ಆಮೇಲೆ ಗೋಲ್ಡ್‌ಫಿಶ್‌ಗಳ ನೀರನ್ನು ದಿನಕ್ಕೊಂದು ಡಿಗ್ರಿಯಂತೆ 22ರ ಕಡೆಗೆ ಇಳಿಸಿ. ಹಳೆಯ ತೊಟ್ಟಿಯ ಹೀಟರನ್ನೂ 28ರಿಂದ 25ಕ್ಕೆ ಮೂರು ದಿನಗಳಲ್ಲಿ ತನ್ನಿ. ನಂತರ ಒಂದು ವಾರ ಬೆಳಿಗ್ಗೆ ಲೈಟ್ ಹಾಕುವ ಮೊದಲು ಒಮ್ಮೆ, ಸಂಜೆ ಲೈಟ್ ಆರಿಸುವ ಮೊದಲು ಒಮ್ಮೆ ಥರ್ಮಾಮೀಟರ್ ಓದಿ ಬರೆದಿಡಿ. ಎರಡರ ನಡುವೆ 2 ಡಿಗ್ರಿಗಿಂತ ಹೆಚ್ಚಿನ ಅಂತರ ಕಂಡುಬಂದರೆ ಮೊದಲು ತೊಟ್ಟಿಯ ಜಾಗ, ಲೈಟು ಮತ್ತು ಮುಚ್ಚಳವನ್ನು ಪರಿಶೀಲಿಸಿ. ರಾತ್ರಿಯಿಡೀ ಹೀಟರ್ ಉರಿಯುತ್ತಿದ್ದರೂ ಬೆಳಗಿನ ಅಂಕಿ 24ಕ್ಕಿಂತ ಕೆಳಗಿದ್ದರೆ ಮಾತ್ರ 150 ವಾಟಿನ ಹೀಟರ್ ತನ್ನಿ.